ಇದ್ದಿಲ ಚುಕ್ಕೆ

ಹಾವು ಹುಡುಕುತ್ತ ಹನ್ನೊಂದು ದಿನ ದೋಣಿಯಲ್ಲಿ ಅಲೆದು ಮುದುಕ ನಾಮ್ ದೋ ಬರಿಗೈಯಲ್ಲಿ ಮನೆಗೆ ಬಂದ. ಒಂದು ಕಾಲಕ್ಕೆ ಉ ಮಿನ್ ಜೌಗುನಾಡಿನ ಕಾಲುವೆಗಳ ದಡದಲ್ಲಿ ಕಾಲಿಟ್ಟಲ್ಲೆಲ್ಲ ಕೇರೆಹಾವು. ಈಗ ಬಿಲಕ್ಕೆ ಕೈಹಾಕಿದರೆ ಏಡಿ, ಇಲ್ಲವೇ ಬರೀ ಕೆಸರು. ಗದ್ದೆಗೆ ವಿಷ ಹೊಡೆದು ಕಪ್ಪೆಗಳನ್ನು ಕೊಂದವರೇ, “ಹಾವೆಲ್ಲ ಎಲ್ಲಿಗ್ ಹೋದ್ವು ಅಜ್ಜ?” ಎಂದು ಅವನನ್ನು ಕೇಳಿದ್ದರು. ಅವನಿಗೆ ಮೈಯೆಲ್ಲ ಉರಿದಿತ್ತು.

ಮನೆಯಲ್ಲಿ ಸಾಕಿದ್ದ ಕೊನೆಯ ಹೆಣ್ಣು ಕೇರೆ ಹದಿನಾಲ್ಕು ಮೊಟ್ಟೆಯಿಟ್ಟು ಮರುದಿನವೇ ಸತ್ತಿತ್ತು. ಮೂವತ್ತು ವರ್ಷದ ಸಾಕಣೆಯಲ್ಲಿ ಇನ್ನು ಉಳಿದದ್ದು ಮಣ್ಣಿನ ಬಾನಿಯ ಒದ್ದೆ ಮರಳಿನಲ್ಲಿದ್ದ ಆ ಹದಿನಾಲ್ಕೇ. ಅವನ್ನು ಸೊಸೆ ಲಾಯ್‌ಗೆ ಒಪ್ಪಿಸಿ ಹೊರಟಿದ್ದ.

ಲಾಯ್ ಬಾತುಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವವರ ಮನೆಯ ಹುಡುಗಿ. ಮದುವೆಯಾಗಿ ಮೂರು ತಿಂಗಳಾದರೂ ಮಾವನೆದುರು ತಲೆಯೆತ್ತಿ ಮಾತಾಡಿದವಳಲ್ಲ. ಇವತ್ತು ಅವನು ದೋಣಿ ಕಟ್ಟುವ ಮೊದಲೇ ಓಡಿ ಬಂದಳು.

“ಮಾವ, ಒಂದೂ ಕೆಟ್ಟಿಲ್ಲ. ಬಂದು ನೋಡಿ.”

ಬಾನಿಯ ಬಟ್ಟೆ ಸರಿಸಿದ. ಪ್ರತಿ ಮೊಟ್ಟೆಯ ನೆತ್ತಿಗೂ ಇದ್ದಿಲಿನಿಂದ ಚುಕ್ಕೆ ಇಟ್ಟಿದ್ದ. ಒಂದೂ ಕಾಣಲಿಲ್ಲ.

“ಚುಕ್ಕೆ ಎಲ್ಲಮ್ಮಾ?”

“ಕೆಳಗಿದೆ. ಬೆಳಗ್ಗೆ ಕೆಳಗೆ, ಸಂಜೆ ಮೇಲೆ. ನಮ್ಮಪ್ಪನೂ ಹಿಂಗೇ ಗುರುತು ಹಾಕ್ತಾರೆ. ನಿಮ್ಮ ಮಗ ಮೀನಿಗೆ ಹೋದವರು ಇನ್ನೂ ಬಂದಿಲ್ಲ, ಜ್ವರ ಬಂದಾಗ್ಲೂ ನಾನೊಬ್ಬಳೇ ಎದ್ದು ತಿರುಗಿಸಿದೀನಿ.”

ಬಾತುಮೊಟ್ಟೆ ತಿರುಗಿಸದಿದ್ದರೆ ಕೆಡುತ್ತದೆ, ಹಾವಿನ ಮೊಟ್ಟೆ ತಿರುಗಿಸಿದರೆ ಕೆಡುತ್ತದೆ. ಚುಕ್ಕೆ ಇಟ್ಟದ್ದೇ ಅದು ಸದಾ ಮೇಲಿರಲಿ ಎಂದು. ಈ ಕೇರಿಯ ಸಣ್ಣ ಮಕ್ಕಳಿಗೂ ಗೊತ್ತಿದ್ದ ಸಂಗತಿ, ಹೇಳಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. “ಚೆನ್ನಾಗಿ ನೋಡ್ಕೊಳಮ್ಮಾ” ಎಂದಷ್ಟೇ ಹೇಳಿ ದೋಣಿ ಹತ್ತಿದ್ದ. ಪಾಪ, ಅವಳು ಚೆನ್ನಾಗಿಯೇ ನೋಡಿಕೊಂಡಿದ್ದಳು.

ಅವಳು ಒಳಗೆ ಹೋದಾಗ ಟಾರ್ಚ್ ಹಚ್ಚಿ ಒಂದು ಮೊಟ್ಟೆಯನ್ನು ಬೆಳಕಿಗೆ ಹಿಡಿದ. ಹೊರಡುವ ದಿನ ಕಂಡಿದ್ದ ಕೆಂಪು ನರಗಳು ಇರಲಿಲ್ಲ, ಬರೀ ಹಳದಿ ನೀರು. ಇನ್ನೊಂದು ಹಿಡಿದ. ಹದಿನಾಲ್ಕೂ ಹಾಗೆಯೇ. ಯಾರ ಮೇಲೆ ಸಿಟ್ಟಾಗುವುದು? ಇನ್ನು ಬದುಕಿ ಮಾಡುವುದೇನಿದೆ ಅನ್ನಿಸಿ ಗೋಡೆಗೊರಗಿ ಕೂತುಬಿಟ್ಟ.

“ಸಂಜೆ ಆಯ್ತು ಮಾವ, ತಿರುಗಿಸ್ಲಾ?” ಲಾಯ್ ಕೈ ಒರೆಸಿಕೊಳ್ಳುತ್ತ ಬಂದಳು. ಈ ಮನೆಯಲ್ಲಿ ಅವಳ ಮುಖ ಇಷ್ಟು ಅರಳಿದ್ದನ್ನು ಅವನು ನೋಡಿರಲೇ ಇಲ್ಲ.

ಅವನು ಟಾರ್ಚ್ ಆರಿಸಿ ಬಾನಿಯ ಹತ್ತಿರ ಸರಿದ.

“ನೀನು ದಣಿದಿದ್ದೀಯ. ಇವತ್ತು ನಾನೇ ತಿರುಗಿಸ್ತೀನಿ.”

ಒಂದೊಂದಾಗಿ ಎತ್ತಿ ಚುಕ್ಕೆ ಮೇಲೆ ಮಾಡಿ ಇಡತೊಡಗಿದ. ಅವಳು ಅವನ ಹೆಗಲ ಮೇಲಿನಿಂದ ಬಗ್ಗಿ ನೋಡುತ್ತಿದ್ದಳು.

“ಮೆಲ್ಲಗೆ ಮಾವ,” ಅಂದಳು. “ಎಳೇ ಜೀವ.”