ತಟ್ಟಿಯ ಈಚೆಯ ಚಪ್ಪಾಳೆ

ಸಿನಿಮಾದ ಕೆಟ್ಟವನೇ ತನಗೆ ಹಿಡಿಸಿಬಿಟ್ಟನಲ್ಲ ಎಂಬುದು ಚನ್ನವೀರಮ್ಮನನ್ನು ಒಳಗೊಳಗೇ ಕೊರೆಯುತ್ತಿತ್ತು. ಹಿಡಿಸಿದ್ದಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ತನ್ನ ಕೈ ತನ್ನನ್ನೇ ಕೇಳದೆ ಅವನಿಗೆ ಚಪ್ಪಾಳೆ ಬೇರೆ ಹೊಡೆದುಬಿಟ್ಟಿತ್ತು. ಬಳ್ಳಾರಿಯಲ್ಲಿ ಬಿ.ಎ. ಮುಗಿಸಿ ಸಿರುಗುಪ್ಪಕ್ಕೆ ಮರಳಿದಂದಿನಿಂದ ಬೆಕ್ಕು ಹಾಲು ಕುಡಿದದ್ದನ್ನೂ ಡೈರಿಯಲ್ಲಿ ಬರೆಯುತ್ತಿದ್ದ ಹುಡುಗಿ ಇದೊಂದನ್ನು ಬರೆಯಲಿಲ್ಲ.

ಎಪ್ಪತ್ತೊಂಬತ್ತರ ಬೇಸಿಗೆ ಅದು. ಸಂತೆ ಬಯಲಿನ ಟೂರಿಂಗ್ ಟಾಕೀಸಿಗೆ ಒಂದು ತೆಲುಗು ಸಿನಿಮಾ ಬಂದಿತ್ತು. ಕರಿ ಮುಸುಕು, ಕರಿ ಹೊದಿಕೆಯ ನಾಯಕ ಮಾಳಿಗೆಯಿಂದ ಮಾಳಿಗೆಗೆ ಹಾರುತ್ತ ದುಷ್ಟರನ್ನು ಬಡಿಯುತ್ತಿದ್ದ. ಖಳನಾಯಕ ಊರಿನ ಕರೆಂಟು ಕಿತ್ತು ಜನರನ್ನು ಕತ್ತಲಲ್ಲಿ ಕೆಡವಿದವನು. ಅವನಿಗೆ ನೆರೆತ ಕೂದಲು, ತಣ್ಣಗಿನ ಮಾತು, ಮುಖಕ್ಕೆ ಯಾವ ಮುಚ್ಚುಮರೆಯೂ ಇಲ್ಲ.

ಡೇರೆಯೊಳಗೆ ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ಬಿದಿರಿನ ತಟ್ಟಿ. ಮೊದಲರ್ಧ ಗಂಟೆ ಎರಡೂ ಕಡೆಯವರು ಮುಸುಕಿನವನನ್ನೇ ಕಳ್ಳನೆಂದು ತಿಳಿದು ಬೈದರು. ಈ ಸೀಮೆಯಲ್ಲಿ ಮುಖ ಮುಚ್ಚಿಕೊಂಡು ಮಾಳಿಗೆ ಹತ್ತಿದವನು ಕಳ್ಳನಲ್ಲದೆ ಇನ್ನೇನು? ಪಕ್ಕದ ಮನೆಯ ಹಂಪಕ್ಕನಂತೂ ಪರದೆಯ ಮೇಲಿನ ಪೊಲೀಸರಿಗೆ, "ಅಲ್ಲಿ ಅಡಗ್ಯಾನ ನೋಡ್ರೀ, ನಿಮ್ಮ ಕಣ್ಣೇನು ಇಂಗಿ ಹೋಗ್ಯಾವೇನು?" ಎಂದು ದಾರಿ ತೋರಿಸಿದಳು. ಅವನೇ ನಾಯಕ ಎಂದು ತಿಳಿದ ಮೇಲೆ ಬೈಗುಳವೆಲ್ಲ ಖಳನ ಕಡೆ ತಿರುಗಿತು. ಹೆಂಗಸರು ನೆಲದ ಮಣ್ಣು ಹಿಡಿಹಿಡಿಯಾಗಿ ಎತ್ತಿ ಪರದೆಯ ಕಡೆ ತೂರಿದರು, ಲಟಲಟ ನೆಟಿಗೆ ಮುರಿದರು. ಹೆಂಗಸರ ಕಡೆಯ ರೀತಿಯೇ ಅದು. ಶಾಪ ಉಂಟು, ಮಣ್ಣು ಉಂಟು, ಅಳು ಉಂಟು. ಸಿಳ್ಳೆ ಚಪ್ಪಾಳೆ ಮಾತ್ರ ತಟ್ಟಿಯ ಆಚೆಯವರ ಸೊತ್ತು.

ಕೊನೆಗೆ ಖಳನನ್ನು ಹಗ್ಗದಲ್ಲಿ ಕಟ್ಟಿ ಊರ ಜನರ ಮುಂದೆ ನಿಲ್ಲಿಸಿದಾಗ ಅವನು ಹೇಳಿದ: "ಊರು ಕತ್ತಲು ಮಾಡಿದವನು ನಾನು. ಇದು ನನ್ನ ಹೆಸರು, ಇದು ನನ್ನ ಮುಖ. ಅಂಥಾ ಒಳ್ಳೆಯವನು ಯಾಕೆ ಮುಖ ಮುಚ್ಚಿಕೊಂಡಿದ್ದಾನೆ, ಅವನನ್ನು ಕೇಳಿ."

ಡೇರೆ ಗಪ್ಪಾಯಿತು. ಆ ನಿಶ್ಶಬ್ದದಲ್ಲೇ ಚನ್ನವೀರಮ್ಮನ ಕೈಗಳು ಎರಡು ಸಲ ಜೋರಾಗಿ ತಟ್ಟಿದವು. ಅವಳು ತಟ್ಟಿಗೆ ಒರಗಿ ಕೂತಿದ್ದಳು. ಅದರ ಆಚೆ, ಅವಳ ಬೆನ್ನಿಗೆ ಬೆನ್ನಾಗಿ ಎಂಬಂತೆ ಕೂತಿದ್ದವನು ಅವಳಪ್ಪನ ಅಕ್ಕಿ ಮಿಲ್ಲಿನಲ್ಲಿ ಯಂತ್ರ ನೋಡಿಕೊಳ್ಳುವ ಪಾಲಯ್ಯ. ಗಂಡಸರೆಲ್ಲ ತಿರುಗಿ ಅವನನ್ನು ನೋಡಿದರು. ಹೆಂಗಸರೂ ತಟ್ಟಿಯ ಸಂದಿಯಿಂದ ಅವನನ್ನೇ ನೋಡಿದರು. ಚನ್ನವೀರಮ್ಮ ತಲೆ ಬಗ್ಗಿಸಿ ಸೆರಗು ಕಚ್ಚಿಕೊಂಡಳು.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆ ವಾರವೇ ಹಂಪಕ್ಕನ ಮಾಳಿಗೆಯ ಮೇಲಿಟ್ಟಿದ್ದ ಹಿತ್ತಾಳೆ ಕೊಡ ಕಾಣೆಯಾಯಿತು. ಮರುದಿನದಿಂದ ಕರಿ ಕಂಬಳಿ ಹೊದ್ದವನೊಬ್ಬ ಮಾಳಿಗೆ ಜಿಗಿಯುವುದನ್ನು ಕಂಡೆವು ಎನ್ನುವವರು ಓಣಿಗಿಬ್ಬರು ಹುಟ್ಟಿಕೊಂಡರು. ಸೆಕೆಗೆ ಮೇಲೆ ಮಲಗುತ್ತಿದ್ದವರೆಲ್ಲ ಹಾಸಿಗೆ ಸುತ್ತಿಕೊಂಡು ಕೆಳಗಿಳಿದರು.

"ಆ ಕೆಟ್ಟ ಮುಂಡೇಗಂಡಗ ಚಪ್ಪಾಳಿ ಹೊಡದಾವ ಯಾರು? ನಿಮ್ಮ ಪಾಲಯ್ಯ!" ಹಂಪಕ್ಕ ಪಡಸಾಲೆಯಲ್ಲಿ ಕೂತು ಸಾರಿದಳು. "ಆದೋನಿ ಕಡಿಂದ ಬಂದಾವ. ಹಿಂದಿಲ್ಲ, ಮುಂದಿಲ್ಲ. ಮುಖದ ತುಂಬ ಮೈಲಿಬ್ಯಾನಿ ಕಲಿ ಬ್ಯಾರೆ."

"ಅಲ್ಲಬೇ ಹಂಪಿ," ಚನ್ನವೀರಮ್ಮನ ಸೋದರತ್ತೆ ಶಿವಬಸಮ್ಮ ಅಡಿಕೆ ಕತ್ತರಿಸುತ್ತ ಕೇಳಿದಳು, "ಚಪ್ಪಾಳಿ ಹೊಡದಿದ್ದು ಆ ಕೆಟ್ಟಾವಗ. ಮಾಳಿಗಿ ಜಿಗಿಯಾವ ಒಳ್ಳೇವನ ವೇಷ ಹಾಕ್ಯಾನ. ಎತ್ತಣಿಂದೆತ್ತ?"

"ನಿನಗ ಸಿನಿಮಾ ತಿಳಿಯಂಗಿಲ್ಲ ಬಿಡಕ್ಕ."

ಅತ್ತೆ ನಕ್ಕಳು. ಚನ್ನವೀರಮ್ಮನಿಗೆ ನಗು ಬರಲಿಲ್ಲ. ಅವಳ ಮನಸ್ಸು ಬೇರೆಯದೇ ಲೆಕ್ಕಕ್ಕೆ ಬಿದ್ದಿತ್ತು. ಚಪ್ಪಾಳೆ ಹೊಡೆದವನು ತಾನಲ್ಲವೆಂದು ಪಾಲಯ್ಯನಿಗೆ ಗೊತ್ತು. ಕಿವಿಯ ಹಿಂದೆಯೇ ಬಳೆ ಸದ್ದಾದದ್ದು ಕೇಳದೇ ಇದ್ದೀತೇ? ಕೇಳಿದ್ದರೆ ಯಾಕೆ ಹೇಳುತ್ತಿಲ್ಲ? ಮೊದಲೆಲ್ಲ ನುಚ್ಚಿನ ಚೀಲ ತಂದಿಳಿಸುವಾಗ "ಏನಮ್ಮಾ, ಪುಸ್ತಕ ಮುಗೀತಾ?" ಎನ್ನುತ್ತಿದ್ದವನು ಈಗ ತಲೆ ಎತ್ತುವುದಿಲ್ಲ. ಮೊನ್ನೆ ಅವನ ಕಣ್ಣು ತನ್ನ ಕೈಬಳೆಯ ಮೇಲೆ ನಿಂತದ್ದನ್ನು ಅವಳು ನೋಡಿದ್ದಳು. ಇವನು ಗುಟ್ಟನ್ನು ಕೂಡಿಡುತ್ತಿದ್ದಾನೆ, ಬೇಕಾದ ಹೊತ್ತಿಗೆ ತೆಗೆಯುತ್ತಾನೆ ಅನ್ನಿಸಿತು. ಅವತ್ತಿನಿಂದ ಬಳೆಗಳನ್ನು ಮೇಲಕ್ಕೆ ಸರಿಸಿ ಮೊಣಕೈ ಹತ್ತಿರ ಬಿಗಿಮಾಡಿಕೊಂಡು ಓಡಾಡಿದಳು.

ಇನ್ನೂ ನಾಚಿಕೆಗೇಡಿನ ಯೋಚನೆ ಸ್ನಾನದ ಮನೆಯಲ್ಲಿ ಬಂತು. ಮಾಳಿಗೆ ಹತ್ತಿದವನು ಅವನೇ ಯಾಕಾಗಿರಬಾರದು? ಆಗಿದ್ದರೆ ತಾನು ಬಾಯಿ ಮುಚ್ಚಿಕೊಂಡದ್ದು ತಪ್ಪಾಗುವುದಿಲ್ಲ. ಹಾಗೆ ಅಂದುಕೊಂಡದ್ದೇ ಹಗುರವೆನಿಸಿತು. ಅಷ್ಟು ಬೇಗ ಹಗುರವಾದದ್ದಕ್ಕೆ ತನ್ನ ಮೇಲೇ ಅನುಮಾನ ಹುಟ್ಟಿತು.

ಮಿಲ್ಲಿನ ಗುಮಾಸ್ತ ಗಾದೆಪ್ಪ ದಿನಾ ಒಂದೊಂದು ಸೇರಿಸುತ್ತಿದ್ದ. ಪಾಲಯ್ಯನ ಹತ್ತಿರ ಕರಿ ಕಂಬಳಿ ಇದೆ. ಕೊಡದ ವಿಷಯ ತೆಗೆದರೆ ಎದ್ದು ಹೋಗುತ್ತಾನೆ. ಚಪ್ಪಾಳೆ ಹೊಡೆದಿಯಾ ಅಂದರೆ "ಇಲ್ಲ" ಅನ್ನುತ್ತಾನೆ, ಮತ್ತೆ ಯಾರು ಅಂದರೆ ಬಾಯಿ ಬಿಡುವುದಿಲ್ಲ.

"ಕರಿ ಕಂಬಳಿ ಊರಾಗ ಯಾರ ಮನ್ಯಾಗಿಲ್ಲಲೇ?" ಎಂದು ಅಪ್ಪ ಹಾಲಸಿದ್ದಪ್ಪ ಮೊದಲು ಗದರಿಸಿದ್ದ. ಆದರೆ ದಿನಕ್ಕೆ ಹತ್ತು ಬಾಯಿ ಒಂದೇ ಮಾತಾಡಿದರೆ ಮಿಲ್ಲಿನ ಸಾವುಕಾರನಾದರೂ ಎಷ್ಟು ದಿನ ತಡೆದಾನು? ಅದೂ ಮಗಳನ್ನು ನೋಡಲು ಮನೆಗೆ ಬೀಗರಾಗುವವರು ಬರುವ ಹೊತ್ತಿನಲ್ಲಿ.

ಅವರು ಭಾನುವಾರ ಮುಂಜಾನೆಯ ಬಸ್ಸಿಗೆ ಕುರುಗೋಡಿನಿಂದ ಬಂದರು: ಹುಡುಗನ ತಾಯಿ ಹೊನ್ನೂರಮ್ಮ, ಸೋದರಮಾವ ಕೊಟ್ಟೂರಪ್ಪ. ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿಯ ತಟ್ಟೆ ಇಟ್ಟು ಚನ್ನವೀರಮ್ಮ ಕಂಬದ ಪಕ್ಕ ನಿಂತಳು. ಕೇಳಿದ್ದಕ್ಕೆಲ್ಲ ತಲೆಯಾಡಿಸಿಯೇ ಉತ್ತರ ಕೊಟ್ಟಳು.

"ಬಾಯಿ ಸಣ್ಣದು ಕೂಸಿಂದು," ಹೊನ್ನೂರಮ್ಮ ಮೆಚ್ಚಿಕೊಂಡಳು. "ಈಗಿನ ಓದಿದ ಹುಡುಗೇರು ಹಿಂಗಿರಂಗಿಲ್ಲ. ಬಳ್ಳಾರ್ಯಾಗ ಅದೇ ಸಿನಿಮಾಕ ಹೋಗಿದ್ವಿ, ಆ ಮುಸುಕಿಂದು. ಕಾಲೇಜು ಹುಡುಗೇರು ಏನು ಕೇಕಿ, ಏನು ಕೂಗು! ಹೇಸಿಗಿ ಬಂತು ನನಗ."

"ನಮ್ಮ ಊರಾಗ ಕೇಕಿ ಹಾಕಿದಾವ ಇನ್ನೊಬ್ಬ ಅದಾನ," ಎಂದ ಹಾಲಸಿದ್ದಪ್ಪ. ಬೀಗರ ಮುಂದೆ ತನ್ನ ಮನೆ ಭದ್ರವೆಂದು ತೋರಿಸಬೇಕಿತ್ತು ಅವನಿಗೆ. "ಗಾದೆಪ್ಪಾ, ಕರಿಯಲೇ ಅವನ್ನ. ಇವತ್ತ ಈ ಮಾತು ಹರದು ಬಿಡ್ತೀನಿ."

ಪಾಲಯ್ಯ ಬಂದು ಅಂಗಳದಲ್ಲಿ ನಿಂತ. ಹುಬ್ಬಿನ ಮೇಲೆಲ್ಲ ತೌಡಿನ ಧೂಳು.

"ಪಾಲಯ್ಯ, ಐದು ವರ್ಷ ನನ್ನ ಉಪ್ಪುಂಡೀ. ಕೊಡದ ಮಾತು ನಾನು ಕೇಳಂಗಿಲ್ಲ. ಒಂದ ಮಾತು ಹೇಳು. ಅವತ್ತ ಚಪ್ಪಾಳಿ ಹೊಡದಾವ ನೀನೋ ಅಲ್ಲೋ?"

"ಅಲ್ಲರಿ ಸಾವ್ಕಾರ್ರೆ."

"ಮತ್ತ ಯಾರು? ಸದ್ದು ನಿನ್ನ ಹತ್ರನ ಬಂತಂತ ಊರಿಗೂರ ಹೇಳ್ತೈತಿ. ನೀ ಕಿವುಡೇನು?"

"ಕೇಳೀನ್ರಿ."

"ಹಂಗಾರ ಯಾರಂತ ಹೇಳು."

ಚನ್ನವೀರಮ್ಮ ಪಾಲಯ್ಯನನ್ನೇ ನೋಡಿದಳು. ಅವನು ಇಷ್ಟು ದಿನ ಕಾದದ್ದು ಇದಕ್ಕೇ ಇರಬೇಕು. ಕುರುಗೋಡಿನವರ ಎದುರಿಗೆ, ಬಜ್ಜಿಯ ತಟ್ಟೆಯ ಎದುರಿಗೆ ಈಗ ಇವನು ತನ್ನ ಹೆಸರು ಹೇಳುತ್ತಾನೆ.

ಪಾಲಯ್ಯ ಹೆಗಲ ಮೇಲಿನ ಟವೆಲ್ ತೆಗೆದು ಕೈಗೆ ಸುತ್ತಿಕೊಂಡ. ಕಂಬದ ಕಡೆ ತಪ್ಪಿಯೂ ನೋಡಲಿಲ್ಲ.

"ಅದು ಹೇಳಾಕ ಬರಂಗಿಲ್ರಿ. ಮಿಲ್ಲಿನ ಬೀಗದ ಕೈ ಗಾದೆಪ್ಪನ ಕೈಯಾಗ ಕೊಡ್ತೀನಿ. ಸಂಜಿಗೆ ಖೋಲಿ ಖಾಲಿ ಮಾಡ್ತೀನ್ರಿ."

"ನೋಡ್ರಿ ಮತ್ತ," ಗಾದೆಪ್ಪ ಬೀಗರ ಕಡೆ ತಿರುಗಿದ. "ಕಳ್ಳನ ಮನಸು ಹುಳ್ಳುಳ್ಳಗ."

ಕೊಟ್ಟೂರಪ್ಪ ಬಜ್ಜಿ ಮುರಿಯುತ್ತ, "ಇಂಥವ್ರನ್ನ ಮೊದಲ ಪೊಲೀಸರಿಗೆ ಕೊಡಬೇಕ್ರಿ," ಎಂದ. ಹೌದು ಹೌದು ಎಂದು ಬಾಗಿಲಲ್ಲಿ ಇಣುಕುತ್ತಿದ್ದ ಹಂಪಕ್ಕ ತಲೆದೂಗಿದಳು. ಪಾಲಯ್ಯ ಅಂಗಳದ ಅಂಚಿಗೆ ಹೋಗಿ ಚಪ್ಪಲಿಗೆ ಕಾಲು ತೂರಿಸುತ್ತಿದ್ದ.

"ನಿಂದ್ರು ಪಾಲಯ್ಯ."

ಅದು ಯಾರ ದನಿ ಎಂದು ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಅತ್ತೆ ಮೊದಲು ತಿರುಗಿದಳು. ಚನ್ನವೀರಮ್ಮ ಕಂಬ ಬಿಟ್ಟು ಮುಂದೆ ಬಂದಿದ್ದಳು.

"ನೀ ಒಳಗ ನಡಿಬೇ," ಎಂದ ಅಪ್ಪ.

"ಹೋಗಂಗಿಲ್ಲಪ್ಪ. ಚಪ್ಪಾಳಿ ಹೊಡದಾಕಿ ನಾನು. ಆ ಕೆಟ್ಟಾವ ಅಂದಿದ್ದು ನನಗ ಖರೆ ಅನ್ನಿಸ್ತು, ಹೊಡದೆ."