ಮಗ್ಗದ ಕುಣಿಯೊಳಗಿನ ಕೋಳಿಗಳು

ಚಳಿಗಾಲ ಬಂತೆಂದರೆ ನಮ್ಮ ಕಡೆ ಮನೆಮನೆಯಲ್ಲೂ ಯಾರಾದರೊಬ್ಬರು ಸೀನುತ್ತಿರುತ್ತಾರೆ. ಈ ಸಲ ಮೊಗುಲಮ್ಮನ ಮನೆಯಲ್ಲಿ ಸೀನಿದ್ದು ಕೋಳಿ.

ನಾರಾಯಣಪೇಟೆಯಿಂದ ಮಕ್ತಲ್‌ಗೆ ಹೋಗುವ ದಾರಿಯಲ್ಲಿ ಒಂದು ನೇಕಾರರ ಊರು. ಅಲ್ಲಿ ಮೊಗುಲಮ್ಮನದು ಹಳೆಯ ಮನೆ. ಗಂಡ ಮಾರ್ಕಂಡೇಯ ಮೊದಲು ಮನೆಯಲ್ಲೇ ಸೀರೆ ನೇಯುತ್ತಿದ್ದ. ಮೊಣಕಾಲು ನೋವು ಶುರುವಾದ ಮೇಲೆ ಮಗ್ಗ ಎತ್ತಿಟ್ಟರು. ನೇಯುವವನು ಕಾಲು ಇಳಿಬಿಟ್ಟು ಕೂರುವ ಕುಣಿ ಮಾತ್ರ ಪಡಸಾಲೆಯಲ್ಲಿ ಹಾಗೇ ಉಳಿಯಿತು. ಇದ್ದ ಜಾಗವನ್ನು ಸುಮ್ಮನೆ ಬಿಡುವ ಹೆಂಗಸಲ್ಲ ಮೊಗುಲಮ್ಮ. ಸಂಜೆಯಾದರೆ ಕೋಳಿಗಳನ್ನೆಲ್ಲ ಕುಣಿಗೆ ಇಳಿಸಿ, ಮೇಲೆ ಹಲಗೆ ಮುಚ್ಚಿ, ಗೋಣಿಚೀಲ ಹೊದಿಸುತ್ತಿದ್ದಳು. ಬೆಕ್ಕಿನ ಭಯವಿಲ್ಲ, ಮುಂಗುಸಿಯ ಭಯವಿಲ್ಲ, ಚಳಿಯೂ ಇಲ್ಲ. ಅವಳನ್ನು ನೋಡಿ ಓಣಿಯ ಬೇರೆ ಮನೆಯವರೂ ಹಾಗೇ ಮಾಡತೊಡಗಿದರು.

ಆ ಕೋಳಿಗಳಲ್ಲಿ ಒಂದು ಕೆಂಪು ಹೇಂಟೆ ಅವಳದಲ್ಲ. ಪಕ್ಕದ ಮನೆಯ ಹನುಮಮ್ಮ ಪಾಲಿಗೆ ಕೊಟ್ಟದ್ದು. ಪಾಲು ಎಂದರೆ ನಿಮಗೆ ಗೊತ್ತಿದ್ದದ್ದೇ. ಕೋಳಿ ಒಬ್ಬರದು, ಸಾಕುವವರು ಇನ್ನೊಬ್ಬರು, ಮರಿಗಳಲ್ಲಿ ಇಬ್ಬರಿಗೂ ಅರ್ಧರ್ಧ. ಹನುಮಮ್ಮನ ಗಂಡ ಪುಣೆಯ ಕಡೆ ಕಟ್ಟಡದ ಕೆಲಸಕ್ಕೆ ಹೋದವನು. ಅವನು ಬರುವವರೆಗೆ ಮನೆಯ ಉಪ್ಪು, ಎಣ್ಣೆ, ಮಕ್ಕಳ ಪೆನ್ನು, ಪುಸ್ತಕ ಎಲ್ಲ ನಡೆಯುವುದು ಅವಳ ಅಂಗಳದ ಕೋಳಿಗಳಿಂದಲೇ.

ಮೊದಲು ಸೀನಿದ್ದು ಆ ಕೆಂಪು ಹೇಂಟೆ. ಮೂಗಿನಲ್ಲಿ ನೀರು, ಕಣ್ಣಿನ ಮೂಲೆಯಲ್ಲಿ ನೊರೆ, ಉಸಿರಾಡಿದರೆ ಗಂಟಲಲ್ಲಿ ಗೊರಗೊರ ಸದ್ದು. ಮೊಗುಲಮ್ಮ ಬೆಳ್ಳುಳ್ಳಿ ಅರೆದು ತಿನ್ನಿಸಿದಳು. ಚಳಿ ತಾಗಿರಬೇಕೆಂದು ಇನ್ನೊಂದು ಗೋಣಿಚೀಲ ಹೊದಿಸಿದಳು. ಕುಣಿಯ ಬಾಯಲ್ಲಿ ಬೇವಿನ ಸೊಪ್ಪಿನ ಹೊಗೆಯನ್ನೂ ಹಾಕಿದಳು. ಪ್ರೀತಿಗೆ ಏನೂ ಕಡಿಮೆಯಿರಲಿಲ್ಲ, ಪಾಪ. ಆದರೆ ವಾರ ಕಳೆಯುವುದರಲ್ಲಿ ಅರ್ಧಕ್ಕರ್ಧ ಕೋಳಿಗಳು ರೆಕ್ಕೆ ಇಳಿಬಿಟ್ಟು ಕೂತವು. ಒಂದು ಹುಂಜ ಸತ್ತೇ ಹೋಯಿತು.

"ಹನುಮಮ್ಮಗ ಏನಂತ ಹೇಳ್ಲಿ ನಾನು?" ಎಂದು ಮೊಗುಲಮ್ಮ ತಲೆ ಮೇಲೆ ಕೈಹೊತ್ತು ಕೂತಳು.

"ಹೇಳೋದೇನೈತಿ?" ಎಂದ ಮಾರ್ಕಂಡೇಯ. "ಅಕಿ ಪಾಲಿನ ಮರಿ ಇನ್ನಾ ಮೇಯ್ಕೊಂತ ಅದಾವ. ಇವತ್ತ ಕೊಟ್ಟು ಬಾ. ನಾಳೆ ಸತ್ರ ಅಕಿ ಮನ್ಯಾಗ ಸಾಯ್ತಾವ. ನಮ್ಮ ಮ್ಯಾಲ ಮಾತು ಬರಂಗಿಲ್ಲ."

ಮೊಗುಲಮ್ಮನ ಮನಸ್ಸು ಒಪ್ಪಲಿಲ್ಲ. ಆದರೂ ಬೆಳೆದ ಮರಿಗಳನ್ನು ಬುಟ್ಟಿಗೆ ಹಾಕಿ, ಬಟ್ಟೆ ಮುಚ್ಚಿ, ಹೊರಗೆ ಬಂದಳು. ಬಾಗಿಲಲ್ಲೇ ಎದುರಾದವಳು ಝಾನ್ಸಿ. ಮಹಿಳಾ ಸಂಘದ ಹುಡುಗಿ. ಪಶು ದವಾಖಾನೆಯಲ್ಲಿ ತರಬೇತಿ ಪಡೆದು ಊರಿನ ಕೋಳಿ ಕುರಿಗಳಿಗೆ ಲಸಿಕೆ ಹಾಕಿಸುವವಳು.

"ಎಲ್ಲಿಗ್ರೀ ದೊಡ್ಡವ್ವಾ, ಬುಟ್ಟಿ ತಗೊಂಡು?"

"ಇಲ್ಲೇ, ಹನುಮಮ್ಮನ ಮನೀಗಿ. ಅಕಿ ಪಾಲು ಕೊಡಾಕ."

ಬುಟ್ಟಿಯೊಳಗಿಂದ ಪಿಚಕ್ಕನೆ ಸದ್ದು ಬಂತು.

"ಒಳಗ ಯಾರ್ರೀ ಸೀನಿದ್ದು?" ಝಾನ್ಸಿ ನಕ್ಕಳು. ಬಟ್ಟೆ ಸರಿಸಿ ನೋಡಿದ ಮೇಲೆ ನಗು ನಿಂತಿತು. ಒಂದು ಮರಿಯ ಕಣ್ಣಲ್ಲಿ ಆಗಲೇ ನೊರೆ ಇತ್ತು.

"ಮೇಯ್ತಾವಲ್ಲವ್ವ ಇವು? ಮೇಯೋ ಕೋಳಿಗಿ ಏನ್ ಜಡ್ಡು?" ಎಂದಳು ಮೊಗುಲಮ್ಮ.

"ಜಡ್ಡು ಒಳಗ ಹೊಕ್ಕ ಮ್ಯಾಲ ಹೊರಗ ಕಾಣಾಕ ದಿನಾ ಹಿಡಿತಾವ್ರಿ. ಇವನ್ನ ಆ ಅಂಗಳಕ್ಕ ಬಿಟ್ರ ಅಲ್ಲಿರೋವೆಲ್ಲಾ ಸೀನಾಕ ಹತ್ತತಾವ. ಕೋಳಿ ಬಿಟ್ರ ಹನುಮಮ್ಮಗ ಬ್ಯಾರೆ ಏನೈತಿ ಹೇಳ್ರಿ?"

ಮೊಗುಲಮ್ಮನ ಕೈಯಲ್ಲಿದ್ದ ಬುಟ್ಟಿ ಭಾರವಾಯಿತು. ಅವಳು ಹಿಂದಕ್ಕೆ ತಿರುಗಿದಳು.

"ಇವು ಮಲಗೋದು ಎಲ್ಲಿ?" ಎಂದು ಕೇಳಿದ ಝಾನ್ಸಿ ತಾನೇ ಹೋಗಿ ಕುಣಿಯ ಹಲಗೆ ಎತ್ತಿದಳು. ಹಿಕ್ಕೆಯ ಘಾಟು ಮೂಗಿಗೆ ಹೊಡೆಯಿತು. ಅವಳು ಬಾಗಿಲು ಕಿಟಕಿ ತೆರೆದಳು.

"ದೊಡ್ಡಪ್ಪಾ, ನೀವು ಇಷ್ಟು ವರ್ಷ ಇಲ್ಲೇ ಕುಂತು ನೇಯ್ದೀರಿ. ಒಂದೀಟು ಕುಂತು ನೋಡ್ರಿ."

"ಅದರಾಗೇನೈತಿ? ನನ್ನ ಜಾಗ ಅದು," ಎಂದು ಮಾರ್ಕಂಡೇಯ ಮೊಣಕಾಲು ಹಿಡಿದುಕೊಂಡು ಅಂಚಿನಲ್ಲಿ ಕೂತ, ಕಾಲು ಇಳಿಬಿಟ್ಟ. ಕೂತದ್ದೇ ತಡ, ಕೆಮ್ಮು ಹತ್ತಿಕೊಂಡಿತು. ಕಣ್ಣಲ್ಲಿ ನೀರು. ಬಗ್ಗಿ ಕುಣಿಯ ಗೋಡೆ ಮುಟ್ಟಿದ. ಒದ್ದೆ.

"ನೂಲು ಹರೀಬಾರ್ದು ಅಂದ್ರ ತಂಪು ಬೇಕು. ಅದಕ್ಕ ನಮ್ಮ ಹಿರೇರು ನೆಲದಾಗ ಕುಣಿ ತೋಡ್ತಿದ್ರು," ಎಂದ ಕೆಮ್ಮು ನಿಂತ ಮೇಲೆ. "ತಂಪು ನೂಲಿಗಿ ಬೇಕವ್ವ. ಕೋಳಿಗಿ ಯಾಕ ಬೇಕು? ಜನ್ಮೆಲ್ಲ ಇದರಾಗ ಕುಂತೀನಿ, ನನಗ ಹೊಳೀಲಿಲ್ಲ ನೋಡು."

"ಹೊರಗಿನ ಚಳಿಗಿಂತ ಈ ತಂಪು, ಈ ಘಾಟು ಕೆಟ್ಟದ್ದು ರೀ," ಎಂದಳು ಝಾನ್ಸಿ. "ಮ್ಯಾಲ ಹೊಗಿ ಬ್ಯಾರೆ. ಗಾಳಿನ ಇಲ್ಲಂದ್ರ ಅವು ಉಸುರು ಹ್ಯಾಂಗ ಬಿಡಬೇಕು?"

"ಮನ್ಯಾಗ ನಮ್ಮ ಕೆಮ್ಮಿನ ಗುಳಿಗಿ ಅದಾವ. ಅರದು ಹಾಕ್ಲೇನು?" ಮೊಗುಲಮ್ಮ ಕೇಳಿದಳು. "ಇಲ್ಲಂದ್ರ ನೀನ ಲಸಿಕೆ ಹಾಕಿಬಿಡು."

"ನಮ್ಮ ಗುಳಿಗಿ ಬ್ಯಾಡ್ರಿ. ಲಸಿಕೆ ಅಂದ್ರ ಜಡ್ಡು ಬರೋಕ್ಕಿಂತ ಮೊದ್ಲು, ಚೆಂದ ಇರೋ ಕೋಳಿಗಿ. ಅದೂ ಕೋಳಿನೆಲ್ಲಾ ಒಮ್ಮೆಗೇ ಸಾಯ್ಸೋ ಕೊಕ್ಕರೆ ರೋಗಕ್ಕ ಐತಿ, ಎಲ್ಲಾ ನೆಗಡಿಗೂ ಅಲ್ಲ. ಈಗ ಡಾಕ್ಟರ್‌ಗ ತೋರ್ಸಬೇಕು. ಉಸುರಿನ ಜಡ್ಡು ಹತ್ತು ನಮೂನಿ ಇರ್ತಾವ. ನೋಡಿದ್ರನ ತಿಳೀತೈತಿ."

ಮರುದಿನ ಮಕ್ತಲ್‌ನ ಪಶು ದವಾಖಾನೆಗೆ ಹೋದರು. ಡಾಕ್ಟರು ಕೋಳಿಯ ಕಣ್ಣು, ಮೂಗು, ಹಿಕ್ಕೆ ನೋಡಿ, ಎದೆಗೆ ಕಿವಿಗೊಟ್ಟು ಕೇಳಿ, ಕುಡಿಯುವ ನೀರಿಗೆ ಹಾಕುವ ಔಷಧಿ ಕೊಟ್ಟರು. ಎರಡು ದಿನ ಚೆನ್ನಾಗಿ ಕಂಡಿತೆಂದು ನಡುವೆ ನಿಲ್ಲಿಸಬಾರದು, ತಾವು ಹೇಳುವವರೆಗೆ ಮೊಟ್ಟೆಯನ್ನಾಗಲಿ ಮಾಂಸವನ್ನಾಗಲಿ ತಿನ್ನಬಾರದು, ಮಾರಬಾರದು ಎಂದರು. ಮತ್ತೊಂದು ಮಾತನ್ನೂ ಹೇಳಿದರು. ಈ ಜಡ್ಡು ಬಂದು ವಾಸಿಯಾದ ಕೋಳಿ ನೋಡಲು ಚೆನ್ನಾಗಿದ್ದರೂ ಜಡ್ಡನ್ನು ಒಳಗೇ ಇಟ್ಟುಕೊಂಡಿರಬಹುದು. ಚಳಿ, ತಂಪು, ಇಕ್ಕಟ್ಟು ಸಿಕ್ಕರೆ ಮತ್ತೆ ಎದ್ದು ಬಂದು ಬೇರೆ ಕೋಳಿಗಳಿಗೂ ಹರಡುತ್ತದೆ.

ಔಷಧಿ ಹಾಕುವುದೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಹನುಮಮ್ಮನ ಬಾಗಿಲಿಗೆ ಹೋಗುವುದು. ಅಂದು ಸಂಜೆ ಮೊಗುಲಮ್ಮ ಕೈಕಾಲು ಸಾಬೂನು ಹಚ್ಚಿ ತೊಳೆದು, ಸೀರೆ ಬದಲಿಸಿ ಹೋದಳು. ಅಂಗಳಕ್ಕೆ ಕಾಲಿಡದೆ ಹೊರಗೇ ನಿಂತಳು.

"ಹನುಮಮ್ಮಾ, ನಿನ್ನ ಕೆಂಪು ಹ್ಯಾಟಿಗಿ ಜಡ್ಡಾಗೈತಿ. ಉಳಿಯೋದು ಕಷ್ಟ. ಮರಿಗೂ ಹತ್ತೈತಿ. ನಿನ್ನೆ ನಿನಗ ಹೇಳಲಾರದ ಅವನ್ನ ನಿನ್ನ ಅಂಗಳಕ್ಕ ಬಿಡಾಕ ಹೊಂಟಿದ್ದೆ. ಝಾನ್ಸಿ ತಡದ್ಳು."

ಹನುಮಮ್ಮ ಬೈಯುತ್ತಾಳೆ ಎಂದೇ ಅವಳು ಕಾದಿದ್ದಳು. ಹನುಮಮ್ಮ ಬೈಯಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನೆಲ ನೋಡುತ್ತ ನಿಂತಳು.

"ಅಕ್ಕಾ, ಹೋದ ವರ್ಷ ಸಂತ್ಯಾಗಿಂದ ಒಂದು ಕೋಳಿ ತಂದು ನನ್ನ ಅಂಗಳ ಖಾಲಿ ಆತಲ್ಲ, ಆವಾಗ ಈ ಕೆಂಪು ಹ್ಯಾಟಿಗೂ ಹಿಂಗ ಗೊರಗೊರ ಬಂದಿತ್ತು. ಇದೊಂದ ಉಳೀತು. ಚೆಂದಾದ ಮ್ಯಾಲ ಇದನ್ನ ನಿನಗ ಪಾಲಿಗಿ ಕೊಟ್ಟು, ನಾ ಬ್ಯಾರೆ ಮರಿ ತಂದು ಸಾಕಿದೆ. ಜಡ್ಡು ಬಂದಿದ್ದು ಹೇಳಿದ್ರ ನೀ ತಗೊಳ್ಳಂಗಿಲ್ಲಂತ ಸುಮ್ಮನಾದೆ."

ಮೊಗುಲಮ್ಮನಿಗೆ ಡಾಕ್ಟರ ಮಾತು ನೆನಪಾಯಿತು. ಸಿಟ್ಟು ಉಕ್ಕಿ ಬಂತು. ಮರುಗಳಿಗೆಯೇ ನಾಚಿಕೆಯೂ ಆಯಿತು. ಸಿಟ್ಟು ಮಾಡಲು ಅವಳಿಗೆ ಬಾಯಿ ಎಲ್ಲಿತ್ತು? ಅವಳು ಮಾಡಹೊರಟದ್ದೂ ಅದನ್ನೇ. ಸಂತೆಯಲ್ಲಿ ಆ ಕೋಳಿ ಮಾರಿದವರೂ ಬಹುಶಃ ಹೀಗೇ ಯೋಚಿಸಿರಬೇಕು. ಒಬ್ಬರು ಮುಚ್ಚಿಟ್ಟದ್ದು ಎರಡು ಮನೆ ದಾಟಿ ಮೂರನೆಯದಕ್ಕೆ ಬಂದಿತ್ತು.

"ನಾವಿಬ್ಬರೂ ಬಾಯಿ ಬಿಟ್ಟಿದ್ರ ಇಷ್ಟು ಕೋಳಿಗಿ ಜಡ್ಡು ಹತ್ತತಿದ್ದಿಲ್ಲವ್ವ," ಎಂದಳು ಮೊಗುಲಮ್ಮ.

ಕೆಂಪು ಹೇಂಟೆ ಉಳಿಯಲಿಲ್ಲ. ಅದನ್ನು ತಿಪ್ಪೆಗೆ ಎಸೆಯಲಿಲ್ಲ, ಯಾರ ಸಾರಿಗೂ ಹಾಕಲಿಲ್ಲ. ಹನುಮಮ್ಮ ಸುಣ್ಣ ತಂದಳು. ಮಾರ್ಕಂಡೇಯ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಮನೆಯಿಂದ ದೂರ, ಆಳವಾದ ಗುಂಡಿಯಲ್ಲಿ ಹೂತ. ಉಳಿದ ಕೋಳಿಗಳಿಗೆ ಹಿತ್ತಲಲ್ಲಿ, ನೆಲದಿಂದ ಮೇಲೆ, ಗಾಳಿಯಾಡುವ ಜಾಲರಿಯ ಗೂಡು ಮಾಡಿದ. ಮೊಗುಲಮ್ಮ ಚೆನ್ನಾಗಿದ್ದ ಕೋಳಿಗಳಿಗೆ ಮೊದಲು, ಜಡ್ಡಿನವಕ್ಕೆ ಕೊನೆಗೆ ನೀರು ಕಾಳು ಇಟ್ಟು ಕೈ ತೊಳೆದಳು. ಹನುಮಮ್ಮನ ಅಂಗಳದಲ್ಲಿ ಒಂದು ಕೋಳಿಯೂ ಸೀನಲಿಲ್ಲ. ಜಡ್ಡಿನಿಂದ ಎದ್ದ ಕೋಳಿಗಳನ್ನು ಮೊಗುಲಮ್ಮ ಯಾರಿಗೂ ಪಾಲಿಗೆ ಕೊಡಲಿಲ್ಲ. ಮುಂದಿನ ಸಂಘದ ಸಭೆಯಲ್ಲಿ ಎಲ್ಲರ ಮುಂದೆ ಎದ್ದು ನಿಂತು, "ನನ್ನ ನೋಡಿ ಕುಣ್ಯಾಗ ಕೋಳಿ ಹಾಕಿದವ್ರು ಇವತ್ತ ತಗೀರಿ," ಎಂದಳು. ಓಣಿಯ ಕುಣಿಗಳೆಲ್ಲ ಅದೇ ವಾರ ಖಾಲಿಯಾದವು.

ಅಕ್ಕಂದಿರೇ, ಅಣ್ಣಂದಿರೇ, ನಾಳೆ ಕೋಳಿ ಬಿಡುವಾಗ ಗೂಡಿನ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲಿ. ಘಾಟಿಗೆ ನಿಮ್ಮ ಕಣ್ಣು ಉರಿದರೆ, ಅವು ಇರುಳೆಲ್ಲ ಅದನ್ನೇ ಉಸಿರಾಡಿವೆ ಎಂದು ತಿಳಿಯಿರಿ. ಹೊಸ ಕೋಳಿ ತಂದರೆ ಎರಡು ಮೂರು ವಾರ ಬೇರೆ ಇಡಿ. ಕೊಕ್ಕರೆ ರೋಗದ ಲಸಿಕೆಯನ್ನು ಹೊತ್ತಿಗೆ ಸರಿಯಾಗಿ ಹಾಕಿಸಿ. ಒಂದೇ ಸಲ ಬಹಳ ಕೋಳಿ ಸತ್ತರೆ ಮುಟ್ಟಬೇಡಿ, ಕೂಡಲೇ ಪಶು ದವಾಖಾನೆಗೆ ತಿಳಿಸಿ. ಸೀನುವ ಕೋಳಿಯನ್ನು ಸಂತೆಗೆ ಒಯ್ಯಬೇಡಿ, ಪಾಲಿಗೆ ಕೊಡಬೇಡಿ, ನೆಂಟರ ಮನೆಗೆ ಕಳಿಸಬೇಡಿ. ಡಾಕ್ಟರಿಗೆ ಹೇಳಿ, ಪಕ್ಕದ ಮನೆಗೂ ಹೇಳಿ. ಹೇಳಲು ನಾಚಿಕೆಯಾಗಬಹುದು. ಆದರೂ ಹೇಳಿ, ಆ ಅಂಗಳದ ಕೋಳಿಗಳನ್ನು ನಂಬಿಕೊಂಡೂ ಒಂದು ಮನೆ ಇದೆ.