ಮೂರನೇ ತಿರುವಿನ ಗುಡ್ಡ

ಇಪ್ಪತ್ತೊಂದು ವರ್ಷ ಕೂಡ್ಲಿಗಿಯಿಂದ ಸಂಡೂರಿಗೆ ಬಸ್ಸು ಓಡಿಸಿದವನು ನಾನು, ಗಾದೆಪ್ಪ. ಬಾಯಿ ಸ್ವಲ್ಪ ಜೋರು. ದಾರಿಯಲ್ಲಿ ಯಾರಾದರೂ ಇಲ್ಲೇ ಒಂಚೂರು ನಿಲ್ಲಿಸಪ್ಪ ಅಂದರೆ, ಇದೇನು ನಿಮ್ಮ ಮನೆಯ ಎತ್ತಿನ ಬಂಡಿಯೇನು ಎಂದು ಬೈದೇಬಿಡುತ್ತಿದ್ದೆ. ಈತನ ಬಸ್ಸಿಗೆ ಹಾರ್ನ್ ಬೇಕಿಲ್ಲ ಎಂದು ಕಂಡಕ್ಟರುಗಳು ಆಡಿಕೊಳ್ಳುತ್ತಿದ್ದರು. ಅಂಥ ನನಗೇ ಬೆಳಗಿನ ಟ್ರಿಪ್ಪಿನಲ್ಲಿ ಘಟ್ಟದ ಮೂರನೇ ತಿರುವಿಗೆ ಬಂದಾಗ ಬಸ್ಸು ನಿಲ್ಲಿಸಬೇಕು ಅನ್ನಿಸುತ್ತಿತ್ತು. ಒಂದು ದಿನವೂ ನಿಲ್ಲಿಸಲಿಲ್ಲ. ಹಿಂದೆ ಅದಿರಿನ ಲಾರಿ, ಒಳಗೆ ಆಫೀಸಿಗೆ ಹೊತ್ತಾಯಿತೆಂದು ಗಡಿಯಾರ ನೋಡುವವರು.

ಮಳೆ ಬಿದ್ದ ಮೇಲೆ ನೋಡಬೇಕು ಆ ಜಾಗ. ಬಸ್ಸು ಗೊಣಗುತ್ತಾ ಏರಿ ತಿರುವಿಗೆ ಮುಖ ಮಾಡಿದ ಕೂಡಲೇ ಮುಂದಿನ ಗಾಜಿನ ತುಂಬ ಗುಡ್ಡ. ಒಂದರ ಹಿಂದೊಂದು ಮೂರು ಸಾಲು. ಹತ್ತಿರದ್ದು ಹಸಿರು, ನಡುವಿನದು ನೀಲಿ, ಕೊನೆಯದು ಇದೆಯೋ ಇಲ್ಲವೋ ಅನ್ನುವಷ್ಟು ತೆಳು. ಕಣಿವೆಯಲ್ಲಿ ಮೋಡ ಬಿದ್ದುಕೊಂಡಿರುತ್ತದೆ, ಅದರ ಸಂದಿಯಲ್ಲಿ ಕೆರೆಯ ನೀರು ಒಂದು ತುಂಡು ಕಾಣುತ್ತದೆ. ಅಷ್ಟರಲ್ಲಿ ಸ್ಟೇರಿಂಗ್ ಎಡಕ್ಕೆ ಎಳೆಯಬೇಕು. ನಾಲ್ಕು ಸೆಕೆಂಡು ಇದ್ದೀತು.

ಆ ನಾಲ್ಕು ಸೆಕೆಂಡಿನಲ್ಲಿ ನನಗೆ ಹೆಂಡತಿಯ ನೆನಪಾಗುತ್ತಿತ್ತು. ಅಂಜಿನಕ್ಕನಿಗೆ ಇದನ್ನು ತೋರಿಸಬೇಕು. ಆದರೆ ಆಕೆಗೆ ಬಸ್ಸೆಂದರೆ ವಾಂತಿ. ತವರು ತಂಬ್ರಹಳ್ಳಿಗೆ ಹೋಗುವ ಬಯಲು ದಾರಿಯಲ್ಲೇ ಮೂಗಿಗೆ ನಿಂಬೆಹಣ್ಣು ಹಿಡಿದು ಕಣ್ಣು ಮುಚ್ಚುವವಳು, ಘಟ್ಟ ಹತ್ತುತ್ತಾಳೆಯೇ? ಒಮ್ಮೆ ಊಟಕ್ಕೆ ಕೂತಾಗ, ಸಂಡೂರು ದಾರಿಯ ಗುಡ್ಡ ಬಹಳ ಚೆಂದ ಅಂದೆ. ರೊಟ್ಟಿ ಬಡಿಯುತ್ತಲೇ, ದೂರದ ಗುಡ್ಡ ನುಣ್ಣಗೆ ಅಂದಳು. ನನಗೆ ಸಿಟ್ಟು ಬಂತು. ಆಮೇಲೆ ಆ ಮಾತೇ ಎತ್ತಲಿಲ್ಲ. ದಾರಿಯಲ್ಲೆಲ್ಲ ಕೂಗಿ ಬಂದವನಿಗೆ ಮನೆಯಲ್ಲಿ ಆಡಲು ಮಾತು ಉಳಿಯುತ್ತಿರಲಿಲ್ಲ.

ಹೋದ ವರ್ಷ ರಿಟೈರ್ ಆದೆ. ಮೊದಲು ಮಾಡಿದ ಕೆಲಸವೆಂದರೆ ಕೂಡ್ಲಿಗಿಯ ಸ್ಟುಡಿಯೊ ಸಿದ್ದಲಿಂಗನ ಹತ್ತಿರ ಒಂದು ಹಳೆಯ ಕ್ಯಾಮೆರಾ ಕೊಂಡದ್ದು. ಮದುವೆ ಫೋಟೊ ತೆಗೆದು ತೆಗೆದು ಸವೆದದ್ದು. ಅರವತ್ತಕ್ಕೆ ಅರಳುಮರಳು ಅಂದರಂತೆ ಡಿಪೊದಲ್ಲಿ. ಅನ್ನಲಿ. ಸಿದ್ದಲಿಂಗ ತಾಳ್ಮೆಯಿಂದ ಕಲಿಸಿದ. ಗುಡ್ಡದ ಫೋಟೊಗೆ ಬೆಳಗಿನ ಬಿಸಿಲು ಬೇಕು, ಕೈ ಅಲ್ಲಾಡಬಾರದು, ಉಸಿರು ಹಿಡಿದು ಒತ್ತಬೇಕು ಅಂದ. ನಮ್ಮ ಹಿತ್ತಲ ಬೇವಿನ ಮರವನ್ನೇ ನೂರಾರು ಸಲ ತೆಗೆದೆ.

ಶ್ರಾವಣದಲ್ಲಿ ನಾಲ್ಕು ದಿನ ಹಿಡಿದ ಮಳೆ ಬಿಟ್ಟಿತು. ಬೈಕಾದರೆ ಬರುತ್ತೇನೆ, ಗಾಳಿ ಇರುತ್ತದೆ ಎಂದು ಅಂಜಿನಕ್ಕ ಒಪ್ಪಿದಳು. ಬೆಳಗಿನ ಆರಕ್ಕೇ ಹೊರಟೆವು. ಒದ್ದೆ ರಸ್ತೆ, ಮಣ್ಣಿನ ವಾಸನೆ, ಯಾರೂ ಇಳಿಯುವವರಿಲ್ಲ, ಹತ್ತುವವರಿಲ್ಲ. ಬೇಕಾದಲ್ಲಿ ನಿಲ್ಲಿಸಬಹುದು! ಎಂಥ ಸುಖ ಅಂತೀರಿ. ಮೊದಲ ತಿರುವು, ಎರಡನೇ ತಿರುವು, ಎಣಿಸುತ್ತಾ ಹೋದೆ.

ಮೂರನೇ ತಿರುವಿನಲ್ಲಿ ಗುಡ್ಡ ಇರಲಿಲ್ಲ.

ತಡೆಗೋಡೆ ಇತ್ತು, ಅದರಾಚೆ ಆಳೆತ್ತರದ ಜಾಲಿ, ಲಂಟಾನ. ಅದರ ಮೇಲೆ ಬರೀ ಆಕಾಶ. ತಿರುವು ತಪ್ಪಿತೇನೋ ಎಂದು ಕೆಳಗೆ ಹೋಗಿ ಮತ್ತೆ ಎಣಿಸಿಕೊಂಡು ಬಂದೆ. ಮೂರು ಸಲ ಹಾಗೆ ಓಡಾಡಿದೆ. ಕೊನೆಗೆ ನಿಲ್ಲಿಸಿದ ಬೈಕಿನ ಫುಟ್‌ರೆಸ್ಟಿನ ಮೇಲೆ ಹತ್ತಿ ನಿಂತೆ. ಅಂಜಿನಕ್ಕ ನನ್ನ ಎರಡೂ ಕಾಲು ಹಿಡಿದುಕೊಂಡು, ಈ ವಯಸ್ಸಿನಲ್ಲಿ ಸೊಂಟ ಮುರಿದುಕೊಂಡರೆ ಎತ್ತುವವರು ಯಾರು ಎಂದು ಬೈಯತೊಡಗಿದಳು. ಕೊನೆಯ ಸಾಲಿನ ನೆತ್ತಿ ಒಂದು ಗೆರೆಯಷ್ಟು ಕಂಡಿತು, ಅಷ್ಟೇ.

ಕೆಳಗಿಳಿದು ನಿಂತಾಗ ನನ್ನದೇ ಹಳೆಯ ಬಸ್ಸು ಬಂತು. ಈಗ ಅದನ್ನು ಓಡಿಸುವವನು ಮಾರೇಶ, ನನ್ನ ಕೈಯಲ್ಲೇ ಪಳಗಿದವನು. ಕಿಟಕಿಯಿಂದ ತಲೆ ಹಾಕಿ, "ಗಾದೆಪ್ಪಣ್ಣ, ಗಾಡಿ ಕೆಟ್ಟೈತೇನ್ರಿ?" ಅಂದ. ಅವನ ಮುಖ ನೋಡಲು ನಾನು ಕತ್ತೆತ್ತಬೇಕಾಯಿತು. ಅವನ ತಲೆ ಜಾಲಿ ಪೊದೆಗಿಂತ ಎಷ್ಟೋ ಮೇಲಿತ್ತು. ಆಗ ತಿಳಿಯಿತು. ಆ ಗುಡ್ಡ ಕಾಣುವುದು ಬಸ್ಸಿನ ಎತ್ತರದಿಂದ ಮಾತ್ರ. ನಾನು ಇಳಿದು ಬಂದಿದ್ದೆ.

ಮನೆಗೆ ಬಂದವನು ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಆಕೆಯ ಎದುರು ಕೂತು, ಒಂದೇ ಒಂದು ಸಲ ಬಸ್ಸಿನಲ್ಲಿ ಬಾ ಎಂದು ಬೇಡಿಕೊಂಡೆ. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ನಾನು ಆಕೆಯನ್ನು ಏನನ್ನೂ ಬೇಡಿದವನಲ್ಲ. ಆಕೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಹೋಗಿ ನಿಂಬೆಹಣ್ಣು ತಂದಳು.

ಬಾಗಿಲ ಪಕ್ಕದ ಮೊದಲ ಸೀಟಿನಲ್ಲಿ ಕೂರಿಸಿದೆ. ತಿರುವಿನಲ್ಲಿ ನಿಲ್ಲಿಸುತ್ತೀಯಾ ಎಂದು ಮಾರೇಶನನ್ನು ಕೇಳುವಾಗ ನಾಚಿಕೆಯಾಯಿತು. ನಿಲ್ಲಿಸಿದರೆ ಹಿಂದಿನ ಲಾರಿಯವನು ಬಂದು ಗುದ್ದುತ್ತಾನೆ, ಸೆಕೆಂಡ್ ಗೇರಿಗೆ ಹಾಕುತ್ತೇನೆ ಅಂದ. ಅದೇ ದೊಡ್ಡದು. ನಾನು ಕಂಬಿಗೆ ಒರಗಿ ನಿಂತು ಕ್ಯಾಮೆರಾ ಕಣ್ಣಿಗೆ ಹಿಡಿದೆ. ಮೊದಲ ತಿರುವಿನಲ್ಲೇ ಅಂಜಿನಕ್ಕನಿಗೆ ಒಂದು ಸಲ ವಾಂತಿಯಾಯಿತು. ಎರಡನೇ ತಿರುವು ದಾಟಿತು. ಬಸ್ಸು ಗೊಣಗಿತು, ನಿಧಾನವಾಯಿತು, ಗಾಜಿನ ತುಂಬ ಗುಡ್ಡ ಬಂತು. ಮೂರೂ ಸಾಲು, ಮೋಡ, ನೀರು. ಅಷ್ಟು ಚೆಂದ ನಾನು ಇಪ್ಪತ್ತೊಂದು ವರ್ಷದಲ್ಲೂ ಕಂಡಿರಲಿಲ್ಲ. ಉಸಿರು ಹಿಡಿದೆ. ಹಾಗೇ ಓರೆಗಣ್ಣಿಗೆ ಆಕೆ ಕಂಡಳು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು.

ಕ್ಯಾಮೆರಾವನ್ನು ಕೊರಳಲ್ಲಿ ನೇತಾಡಲು ಬಿಟ್ಟೆ. ಆಕೆಯ ಭುಜ ಹಿಡಿದು ಅಲ್ಲಾಡಿಸಿ, "ಕಣ್ ತೆಗಿಲೇ!" ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗಿದೆ.

ತೆಗೆದಳು. ನಿಂಬೆಹಣ್ಣು ಹಿಡಿದ ಕೈ ಮಡಿಲಿಗೆ ಇಳಿಯಿತು. ಬಾಯಿ ತೆರೆದೇ ಇತ್ತು. ಬಸ್ಸು ಎಡಕ್ಕೆ ಹೊರಳಿತು, ರಸ್ತೆಬದಿಯ ಬಂಡೆ ಅಡ್ಡ ಬಂತು. ಆಕೆ ಕತ್ತು ತಿರುಗಿಸಿ, ಏನೂ ಕಾಣದ ಆ ಕಡೆಗೇ ಬಹಳ ಹೊತ್ತು ನೋಡುತ್ತಾ ಕೂತಳು. ಫೋಟೊ ಬರಲಿಲ್ಲ. ನನಗೆ ಅದರ ಚಿಂತೆಯೂ ಇರಲಿಲ್ಲ, ಆಕೆ ಏನನ್ನುತ್ತಾಳೋ ಎಂದು ಕಾಯುತ್ತಿದ್ದೆ.

ಸಂಡೂರು ಹತ್ತಿರ ಬಂದಾಗ ಮಾತಾಡಿದಳು.

"ಇದನ್ನ ದಿನಾ ನೋಡ್ತಿದ್ದೇನು?"

ಹೂಂ ಅಂದೆ.

"ನಾನೂ ಒಬ್ಬಾಕಿ ಮನ್ಯಾಗ ಅದೀನಿ ಅಂತ ಒಂದಿನಾನೂ ನೆನಪಾಗಲಿಲ್ಲೇನು ನಿನಗ?"

ಊರಿಗೆಲ್ಲ ಕೂಗುವ ನಾನು ಆಕೆಯ ಕಿವಿಯ ಹತ್ತಿರ ಬಾಗಿದೆ.

"ದಿನಾ ಆಗ್ತಿತ್ತಲೇ," ಅಂದೆ. "ಆ ತಿರುವಿಗೆ ಬಂದಾಗೆಲ್ಲ ಆಗ್ತಿತ್ತು."

ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಇಷ್ಟ್ ವರ್ಷ ನೀನು ಮನ್ಯಾಗ ಸುಮ್ನ ಇರೋದು ನೋಡಿ, ನಾನಂದ್ರ ಬ್ಯಾಸರಾಗೈತಿ ಅಂದ್ಕೊಂಡಿದ್ದೆ," ಅಂದಳು.